ಬೇನೆ ತಂದವರು ಯಾರು?

ನಮ್ಮ ಕಡೆ ಊರಿಗೆ ವಾಂತಿ-ಭೇದಿ ಬಂತು ಅಂದ್ರೆ ಕಟ್ಟೆ ಮೇಲೆ ಕುಂತವರು ಕೇಳೋ ಮೊದಲ ಮಾತು ಒಂದೇ: "ಯಾರು ತಂದ್ರಪಾ ಇದನ್ನ?" ನೀರು ಹೆಂಗೈತಿ ಅಂತ ಕೇಳೋರು ಕಡಿಮೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೆ ಸುಗ್ಗಿಗೆ ಹೋಗಿ ಬಂದವರು ತಂದ್ರು ಅಂತಾರೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ತಂದ್ರು ಅಂತಾರೆ. ಉರುಕುಂದ ಈರಣ್ಣಸ್ವಾಮಿ ಜಾತ್ರೆಗೆ ಬಂದ ಪರಸ್ಥಳದ ಮಂದಿ ತಂದ್ರು ಅಂತಾರೆ. ಕೇರಿ ಕಡೆಯಿಂದ ಬಂತು ಅನ್ನೋ ಕೆಟ್ಟ ಮಾತೂ ಕಿವಿಗೆ ಬಿದ್ದಿದೆ. ಒಂದು ಮನೆಯ ಹೆಸರು ಹೀಗೆ ಬಾಯಿಗೆ ಬಿತ್ತು ಅಂದ್ರೆ ಆ ಮನೆ ಹೆಣ್ಣುಮಕ್ಕಳು ನಲ್ಲಿ ಹತ್ತಿರ ಕೊಡ ಇಡೋದು ಕಷ್ಟ, ಗಂಡಸರಿಗೆ ಚಹಾದಂಗಡಿಯಲ್ಲಿ ಕೂಡೋದು ಕಷ್ಟ. ಬೇನೆ ಎಂಟು ದಿನಕ್ಕೆ ಹೋಗುತ್ತದೆ, ಹೆಸರು ಹೋಗೋದಿಲ್ಲ.

ಈ ಪ್ರಶ್ನೆಗೆ ಮನುಷ್ಯರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಈಗಿನ ಕಾಲದಲ್ಲಿ ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ಮೈಯಿಂದ ಕ್ರಿಮಿಯನ್ನು ತೆಗೆದು, ಅದರೊಳಗಿನ ಬರಹ ಓದಿ, ಅದು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಬಂತು ಅಂತ ಹೇಳೋ ವಿದ್ಯೆ ಬಂದಿದೆ. ಅದರ ಚರಿತ್ರೆಯನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಹಿರಿಯರ ಕಾಲದಲ್ಲಿ ಉತ್ತರ ಸುಲಭ ಇತ್ತು. ಅಮ್ಮ ಬಂದಾಳೆ, ಆಕೆಯನ್ನು ಸಮಾಧಾನ ಮಾಡಿ ಕಳಿಸಬೇಕು. ಮೊರದಲ್ಲಿ ಅನ್ನ, ಬೇವಿನ ಸೊಪ್ಪು, ದೀಪ ಇಟ್ಟುಕೊಂಡು, ಹಲಗೆ ಬಡಿಯುತ್ತಾ ರಾತ್ರೋರಾತ್ರಿ ಊರ ಗಡಿ ದಾಟಿಸಿ ಬರೋರು. ಗಡಿ ಆಚೆ ಯಾರಿದ್ದಾರೆ? ಇನ್ನೊಂದು ಊರು. ಆ ಊರಿನವರು ಸುಮ್ಮನಿರ್ತಾರಾ? ದೊಣ್ಣೆ ಹಿಡಿದು ತಮ್ಮ ಸರಹದ್ದು ಕಾಯೋರು, ಇಲ್ಲವಾದ್ರೆ ಅದೇ ಮೊರವನ್ನು ಮುಂದಿನ ಊರಿಗೆ ಸಾಗಹಾಕೋರು. ನಾನು ಮಾರೆಮ್ಮನ ಪದ ಹಾಡುವವನು, ಆ ಭಕ್ತಿಯನ್ನು ಹಗುರ ಮಾಡಿ ಮಾತಾಡೋದಿಲ್ಲ. ಅಮ್ಮ ಯಾರ ಮೇಲೂ ಪಕ್ಷಪಾತ ಮಾಡಲ್ಲ ಅಂತ ಪದದಲ್ಲಿ ಹೇಳ್ತೀವಿ. ಆದರೆ ಮೊರ ಹೊತ್ತವರ ಕಣ್ಣು ಮಾತ್ರ ಯಾವಾಗಲೂ ಪಕ್ಕದ ಊರಿನ ಮೇಲೇ ಇತ್ತು.

ಸರಕಾರದ ಕಣ್ಣೂ ಬೇರೆ ಇರಲಿಲ್ಲ. ಆಗ ನಮ್ಮ ಆದವಾನಿ, ಆಲೂರು ಎಲ್ಲ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಮದ್ರಾಸ್ ಪ್ರಾಂತದ ಕೈಕೆಳಗೆ. 1871ರಲ್ಲಿ ಮದ್ರಾಸಿನಿಂದ ಬಂದ ರೈಲು ದಾರಿ ಗುಂತಕಲ್ಲು, ಆದವಾನಿ ದಾಟಿ ರಾಯಚೂರಿನಲ್ಲಿ ಬೊಂಬಾಯಿ ಕಡೆಯ ದಾರಿಗೆ ಕೂಡಿತು. ಐದೇ ವರ್ಷಕ್ಕೆ ಬಂತು ಧಾತು-ಈಶ್ವರ ಸಂವತ್ಸರದ ಬರ, 1876ರಿಂದ 78. ತೆಲುಗಿನವರು ಧಾತು ಕರುವು ಅಂತಾರೆ. ಬಳ್ಳಾರಿ ಸೀಮೆ ಆ ಬರದ ನಟ್ಟನಡುವೆ ಇತ್ತು. ಹೊಟ್ಟೆಗಿಲ್ಲದ ಜನ ಊರು ಬಿಟ್ಟರು, ಗಂಜಿ ಕೇಂದ್ರಗಳಲ್ಲಿ, ರಸ್ತೆ ಕಡಿಯೋ ಕೆಲಸದ ಕ್ಯಾಂಪುಗಳಲ್ಲಿ ಸಾವಿರಾರು ಮಂದಿ ಒಂದೇ ಕಡೆ ಸೇರಿದರು. ಅಲ್ಲಿ ಕಾಲರಾ ಹೊಕ್ಕಿತು. 1877 ಒಂದೇ ವರ್ಷ ಮದ್ರಾಸ್ ಪ್ರಾಂತದಲ್ಲಿ ಕಾಲರಾಕ್ಕೆ ಸತ್ತವರು ಮೂರು ಲಕ್ಷಕ್ಕೂ ಮೇಲೆ. ಅದೂ ಲೆಕ್ಕಕ್ಕೆ ಸಿಕ್ಕವರು.

ಯಾರು ತಂದರು? ಬರಕ್ಕಿಂತ ಹತ್ತು ವರ್ಷ ಮುಂಚೆ, 1866ರಲ್ಲಿ, ಟರ್ಕಿ ದೇಶದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬೇರೆ ಬೇರೆ ದೇಶದ ಡಾಕ್ಟರುಗಳು, ರಾಯಭಾರಿಗಳು ಸೇರಿ ಕಾಲರಾ ಹುಟ್ಟೋದು ಹಿಂದೂಸ್ತಾನದಲ್ಲಿ, ಅದನ್ನು ಹೊತ್ತು ತಿರುಗೋದು ಯಾತ್ರಿಕರು ಅಂತ ತೀರ್ಮಾನ ಬರೆದಿದ್ದರು. ಬೇನೆಗೆ ಏಷ್ಯಾಟಿಕ್ ಕಾಲರಾ ಅಂತಲೇ ಹೆಸರು. ತಮಾಷೆ ಅಂದ್ರೆ, ಇತ್ತ ಹಿಂದೂಸ್ತಾನದ ಸರಕಾರದ ದೊಡ್ಡ ಆರೋಗ್ಯಾಧಿಕಾರಿ ಕನಿಂಗ್‌ಹ್ಯಾಮ್ ಸಾಹೇಬರು ಇದು ಮನುಷ್ಯನಿಂದ ಮನುಷ್ಯನಿಗೆ ಬರೋ ರೋಗವೇ ಅಲ್ಲ ಅಂತ ವಾದ ಮಾಡ್ತಿದ್ದರು. ಹಾಗೆ ಒಪ್ಪಿದರೆ ಹಡಗು ತಡೆಯಬೇಕು, ವ್ಯಾಪಾರ ನಿಲ್ಲಬೇಕು. ಒಬ್ಬರಿಗೆ ಯಾತ್ರಿಕರ ಮೇಲೆ ಹಾಕೋದು ಅನುಕೂಲ, ಇನ್ನೊಬ್ಬರಿಗೆ ಗಾಳಿ ಮೇಲೆ ಹಾಕೋದು ಅನುಕೂಲ.

ಆದರೆ ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಒಬ್ಬರು ಪ್ರಶ್ನೆಯನ್ನೇ ಬೇರೆ ರೀತಿ ಕೇಳಿದ್ದರು. ಜಾನ್ ಸ್ನೋ ಅಂತ ಡಾಕ್ಟರು. 1854ರಲ್ಲಿ ಸೋಹೋ ಅನ್ನೋ ಪೇಟೆಯಲ್ಲಿ ಕಾಲರಾ ಬಂದಾಗ ಅವರು ಮನೆ ಮನೆಗೆ ಹೋಗಿ ಕೇಳಿದ್ದು "ನಿಮ್ಮ ಮನೆಗೆ ಯಾರು ಬಂದಿದ್ರು" ಅಂತ ಅಲ್ಲ, "ನೀವು ನೀರು ಎಲ್ಲಿಂದ ತರ್ತೀರಿ" ಅಂತ. ಸತ್ತವರ ಮನೆಗಳನ್ನು ಲೆಕ್ಕ ಹಾಕಿದರೆ ಬಹುಪಾಲು ಬ್ರಾಡ್ ಸ್ಟ್ರೀಟಿನ ಒಂದೇ ಬೋರ್ ಪಂಪಿನ ಸುತ್ತ. ಆ ಪಂಪಿನ ಹಿಡಿಕೆ ತೆಗೆಸಿದರು. ಕ್ರಿಮಿ ಯಾವುದು ಅಂತ ಅವರಿಗೆ ಕಾಣಿಸಿರಲಿಲ್ಲ, ಆದರೂ ದಾರಿ ಸಿಕ್ಕಿತ್ತು. ಮೂವತ್ತು ವರ್ಷದ ನಂತರ, 1884ರಲ್ಲಿ, ಜರ್ಮನಿಯ ರಾಬರ್ಟ್ ಕಾಕ್ ಕಲಕತ್ತೆಗೆ ಬಂದು ರೋಗಿಗಳ ಮಲದಲ್ಲೂ ಅಲ್ಲಿನ ಕೆರೆ ನೀರಲ್ಲೂ ಅಲ್ಪವಿರಾಮದಂತೆ ಬಾಗಿದ ಕ್ರಿಮಿಯನ್ನು ತೋರಿಸಿದರು. ಅದರ ಹೆಸರು ವಿಬ್ರಿಯೋ ಕಾಲರೇ.

ಕ್ರಿಮಿ ಸಿಕ್ಕಿತು ಸರಿ. ಆದರೆ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಆದವಾನಿಯ ಕ್ರಿಮಿಯೂ ಅಷ್ಟೇ ಬಾಗಿದೆ, ಕಲಕತ್ತೆಯದೂ ಅಷ್ಟೇ ಬಾಗಿದೆ. ಯಾವುದು ಯಾವುದರಿಂದ ಹುಟ್ಟಿತು ಅಂತ ಹೇಳೋದು ಹೆಂಗೆ? ಇಲ್ಲಿ ನನ್ನ ಹಾಡಿನ ಕಸುಬಿನ ಮಾತು ಹೇಳಿದ್ರೆ ಬೇಗ ತಿಳಿಯುತ್ತದೆ.

ಒಂದು ಪದ ಊರಿಂದೂರಿಗೆ ಹೋಗ್ತಾ ಇರುತ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ "ಕರಿಯ ಕಂಬಳಿ ಹೊದ್ದು" ಅಂತ ಒಂದು ಮಾತಿದೆ. ಹೊಳಗುಂದದ ಹಾಡುಗಾರ ಒಬ್ಬ ಅದನ್ನು "ಕುರಿಯ ಕಂಬಳಿ ಹೊದ್ದು" ಅಂತ ಕೇಳಿಸಿಕೊಂಡ, ಹಂಗೇ ಕಲಿತ. ಅರ್ಥವೇನೂ ಕೆಡಲಿಲ್ಲ, ಹಾಡು ನಡೆಯಿತು. ಅವನ ಹತ್ತಿರ ಕಲಿತವರೆಲ್ಲ ಇನ್ನು ಮೇಲೆ ಕುರಿಯ ಕಂಬಳಿಯೇ. ಅವರಲ್ಲಿ ಒಬ್ಬ ಕೌತಾಳಕ್ಕೆ ಹೋಗಿ "ಹೊದ್ದು" ಅನ್ನೋದನ್ನು "ಹೊತ್ತು" ಮಾಡಿದ. ಈಗ ಕೋಸಿಗಿಯ ಭಜನೆ ಮೇಳದವರು "ಕುರಿಯ ಕಂಬಳಿ ಹೊತ್ತು" ಅಂತ ಹಾಡಿದರೆ, ನೀವು ಯಾರ ಹತ್ತಿರ ಕಲಿತಿರಿ ಅಂತ ನಾನು ಕೇಳೋದೇ ಬೇಡ. ಎರಡು ಅಕ್ಷರವೇ ಹೇಳುತ್ತವೆ: ಹೊಳಗುಂದದಿಂದ ಕೌತಾಳ, ಕೌತಾಳದಿಂದ ಕೋಸಿಗಿ. ಆಲೂರಿನಲ್ಲಿ ಇನ್ನೂ "ಕರಿಯ ಕಂಬಳಿ ಹೊದ್ದು" ಅಂತಿದ್ದರೆ ಅವರಿಗೆ ಈ ದಾರಿ ಸಂಬಂಧವಿಲ್ಲ, ಅವರು ಹಳೇ ಗುರುವಿನ ಕಡೆಯವರು.

ಕ್ರಿಮಿಯ ಒಳಗೂ ಇಂಥ ಒಂದು ಬರಹ ಇದೆ. ಅದಕ್ಕೆ ಡಿಎನ್‌ಎ ಅಂತಾರೆ, ಪೂರ್ತಿ ಬರಹಕ್ಕೆ ಜೀನೋಮ್ ಅಂತಾರೆ. ಶಾಲೆ ಪುಸ್ತಕದಲ್ಲಿ ವಂಶವಾಹಿ ಅಂತ ಬರುತ್ತಲ್ಲ, ಅದೇ. ಅದರಲ್ಲಿರೋ ಅಕ್ಷರ ನಾಲ್ಕೇ ತರದವು, ಆದರೆ ಕಾಲರಾ ಕ್ರಿಮಿಯ ಪೂರ್ತಿ ಬರಹ ಸುಮಾರು 40 ಲಕ್ಷ ಅಕ್ಷರದಷ್ಟು ಉದ್ದ. ಅದನ್ನು ಮೊದಲ ಸಲ ಪೂರ್ತಿ ಓದಿದ್ದು 2000ನೇ ಇಸವಿಯಲ್ಲಿ. ಕ್ರಿಮಿ ಒಂದು ಎರಡಾಗುವಾಗ ಈ ಬರಹವನ್ನು ನಕಲು ಮಾಡುತ್ತದೆ, ನಕಲಿನಲ್ಲಿ ಆಗೊಮ್ಮೆ ಈಗೊಮ್ಮೆ ಅಕ್ಷರ ತಪ್ಪುತ್ತದೆ. ಕಾಲರಾ ಕ್ರಿಮಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಮೂರು ಅಕ್ಷರ. ಹಾಗಾಗಿ ಎರಡು ರೋಗಿಗಳ ಕ್ರಿಮಿಯಲ್ಲಿ ಒಂದೆರಡು ಅಕ್ಷರವಷ್ಟೇ ವ್ಯತ್ಯಾಸ ಇದ್ದರೆ ಅವು ಮೊನ್ನೆ ಮೊನ್ನೆ ಬೇರಾದ ಅಣ್ಣತಮ್ಮಂದಿರು. ನೂರು ಅಕ್ಷರ ವ್ಯತ್ಯಾಸ ಇದ್ದರೆ ಬೀಗರೂ ಅಲ್ಲ.

2011ರಲ್ಲಿ ಅಂಕುರ್ ಮುತ್ರೇಜಾ ಅನ್ನೋ ನಮ್ಮ ದೇಶದವರೇ ಒಬ್ಬರು, ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯಲ್ಲಿ ಜತೆಗಾರರೊಂದಿಗೆ ಸೇರಿ, ಎಷ್ಟೋ ದೇಶಗಳಲ್ಲಿ ಹತ್ತಾರು ವರ್ಷದಿಂದ ಶೇಖರಿಸಿಟ್ಟಿದ್ದ ಕಾಲರಾ ಕ್ರಿಮಿಗಳ 154 ಜೀನೋಮ್ ಹೋಲಿಸಿದರು. 1961ರಲ್ಲಿ ಇಂಡೋನೇಷ್ಯಾದಲ್ಲಿ ಶುರುವಾದ ಈಗಿನ ಕಾಲರಾ ಒಂದೇ ವಂಶದ್ದು, ಅದು ಮೂರು ಅಲೆಗಳಾಗಿ ಲೋಕಕ್ಕೆ ಹರಡಿತು, ಮತ್ತೆ ಮತ್ತೆ ಹೊರಟದ್ದು ಬಂಗಾಳ ಕೊಲ್ಲಿಯ ಸುತ್ತಲಿನಿಂದ ಅಂತ ಗೊತ್ತಾಯಿತು. ನಮಗೆ ಕೇಳೋಕೆ ಹಿತವಾದ ಮಾತಲ್ಲ. ಕಾನ್‌ಸ್ಟಾಂಟಿನೋಪಲ್ಲಿನವರು ಜಾಗ ಹೇಳಿದ್ದು ತೀರಾ ಸುಳ್ಳೇನಲ್ಲ ಅಂತಾಯಿತಲ್ಲ. ಆದರೆ ಅವರು ಯಾತ್ರಿಕನ ಭಕ್ತಿಯನ್ನು, ಅವನ ಕೊಳಕನ್ನು ಬೈದರು. ಯಾತ್ರಿಕನಿಗೆ ಕುಡಿಯೋ ನೀರು ಕೊಡದ ಸರಕಾರವನ್ನು ಬೈಯಲಿಲ್ಲ.

ಈ ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು ಹೈಟಿ ಅನ್ನೋ ದೇಶದಲ್ಲಿ. ಅಮೆರಿಕ ಖಂಡದ ಹತ್ತಿರದ ದ್ವೀಪ, ಕಡು ಬಡವರು. 2010ರ ಜನವರಿ 12ರಂದು ಅಲ್ಲಿ ದೊಡ್ಡ ಭೂಕಂಪ ಆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆರ್ತಿಬೊನಿತ್ ಅನ್ನೋ ನದಿಯ ದಂಡೆಯ ಊರುಗಳಲ್ಲಿ ಜನ ವಾಂತಿ-ಭೇದಿಯಿಂದ ಸಾಯತೊಡಗಿದರು. ಅಲ್ಲಿ ನೂರು ವರ್ಷದಿಂದ ಕಾಲರಾ ಕಂಡವರಿಲ್ಲ. ಯಾರು ತಂದರು? ಕೆಲವು ವಿದ್ವಾಂಸರು ಸಮುದ್ರದ ನೀರು ಬೆಚ್ಚಗಾಗಿ ಅಲ್ಲೇ ಇದ್ದ ಕ್ರಿಮಿ ಎದ್ದಿತು ಅಂದರು. ಹಳ್ಳಿಗಳಲ್ಲಿ ಜನ ಇನ್ನೊಂದು ಉತ್ತರ ಕಂಡುಕೊಂಡರು: ತಮ್ಮದೇ ನಾಡಿನ ವೂಡೂ ಪೂಜಾರಿಗಳು ಮಂತ್ರದ ಪುಡಿ ಹಾಕಿ ಬೇನೆ ಹಬ್ಬಿಸುತ್ತಿದ್ದಾರೆ ಅಂತ. ಹತ್ತಾರು ಪೂಜಾರಿಗಳನ್ನು ಹೊಡೆದು ಕೊಂದರು. ಈ ಜಾಗ ಓದುವಾಗ ನನಗೆ ಕೈ ನಡುಗಿತು. ಪೂಜಾರಿ, ಮಂತ್ರವಾದಿ, ಮಾಟಗಾತಿ ಅಂತ ಹೆಸರಿಟ್ಟು ಹೊಡೆಯೋದು ನಮ್ಮ ದೇಶಕ್ಕೂ ಹೊಸದಲ್ಲ.

ಇನ್ನು ಕೆಲವರು ನದಿಯ ಮೇಲ್ಗಡೆ ಬೊಟ್ಟು ಮಾಡಿದರು. ಅಲ್ಲಿ ಮಿರ್‌ಬಲೇ ಅನ್ನೋ ಊರಿನ ಹತ್ತಿರ ಯುಎನ್ ಶಾಂತಿ ಸೈನ್ಯದ ಒಂದು ಕ್ಯಾಂಪು. ಅಕ್ಟೋಬರಿನಲ್ಲೇ ನೇಪಾಳದಿಂದ ಹೊಸ ತುಕಡಿ ಬಂದಿಳಿದಿತ್ತು, ನೇಪಾಳದಲ್ಲಿ ಆ ಹೊತ್ತಿಗೆ ಕಾಲರಾ ಇತ್ತು. ಕ್ಯಾಂಪಿನ ಪಾಯಿಖಾನೆ ನೀರು ಪಕ್ಕದ ಹಳ್ಳಕ್ಕೆ ಸೇರುತ್ತಿತ್ತು, ಹಳ್ಳ ನದಿಗೆ. ಫ್ರಾನ್ಸಿನ ಪಿಯಾರೂ ಅನ್ನೋ ಡಾಕ್ಟರು ಜಾನ್ ಸ್ನೋ ಮಾಡಿದಂತೆಯೇ ಊರೂರು ಸುತ್ತಿ, ಮೊದಲ ರೋಗಿಗಳು ಆ ಹಳ್ಳದ ಕೆಳಗಿನವರೇ ಅಂತ ತೋರಿಸಿದರು. ಯುಎನ್ ಒಪ್ಪಲಿಲ್ಲ.

ಆಗ ಮಾತಾಡಿದ್ದು ಅಕ್ಷರ. ಹೈಟಿಯ ಆಸ್ಪತ್ರೆಗಳ ರೋಗಿಗಳಿಂದ ತೆಗೆದ ಕ್ರಿಮಿ ಒಂದು ಕಡೆ. ಇನ್ನೊಂದು ಕಡೆ, ಅದೇ 2010ರಲ್ಲಿ ನೇಪಾಳದ ಕಾಲರಾ ರೋಗಿಗಳಿಂದ ತೆಗೆದಿಟ್ಟಿದ್ದ 24 ಮಾದರಿ. ಅವನ್ನು ಪರೀಕ್ಷೆಗೆ ಕೊಟ್ಟವರು ನೇಪಾಳದವರೇ. ತಮ್ಮ ದೇಶಕ್ಕೆ ಕೆಟ್ಟ ಹೆಸರು ಬರಬಹುದು ಅಂತ ಗೊತ್ತಿದ್ದೂ ಕೊಟ್ಟರು, ಅದಕ್ಕೆ ಕೈ ಮುಗಿಯಬೇಕು. 2011ರ ಆಗಸ್ಟಿನಲ್ಲಿ ಫಲಿತಾಂಶ ಬಂತು. 40 ಲಕ್ಷ ಅಕ್ಷರದಲ್ಲಿ ಕೆಲವು ಮಾದರಿಗಳಿಗೂ ಹೈಟಿಯದಕ್ಕೂ ಇದ್ದ ವ್ಯತ್ಯಾಸ ಒಂದೋ ಎರಡೋ ಅಕ್ಷರ. ಕೊನೆಗೆ 2016ರ ಡಿಸೆಂಬರ್ 1ರಂದು ಯುಎನ್ ಮುಖ್ಯಸ್ಥ ಬಾನ್ ಕೀ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಅಷ್ಟೊತ್ತಿಗೆ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ, ಬೇನೆ ಬಿದ್ದವರು ಎಂಟು ಲಕ್ಷದ ಸುಮಾರು.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಅಕ್ಷರ ತೋರಿಸಿದ್ದು "ನೇಪಾಳದ ಸಿಪಾಯಿ ಕೆಟ್ಟವನು" ಅಂತ ಅಲ್ಲ. ಬಡ ದೇಶದ ಹುಡುಗರು, ಸಂಬಳಕ್ಕೆ ದೂರ ದೇಶಕ್ಕೆ ಹೋದವರು, ನಮ್ಮ ಸುಗ್ಗಿಯವರ ಹಾಗೆಯೇ. ಅವರನ್ನು ಕಳಿಸೋ ಮುಂಚೆ ಸರಿಯಾಗಿ ತಪಾಸಣೆ ಮಾಡಿ ಔಷಧ ಕೊಡಬೇಕಿತ್ತು, ಕ್ಯಾಂಪಿನ ಕೊಳಚೆಯನ್ನು ನದಿಗೆ ಬಿಡಬಾರದಿತ್ತು. ಆ ಕೊಳವೆ ಹಾಕಿಸಿದವರದ್ದು ತಪ್ಪು. ಪೂಜಾರಿಗಳನ್ನು ಕೊಂದವರಿಗೆ ಅಷ್ಟು ಮುಂಚೆ ಈ ಉತ್ತರ ಸಿಕ್ಕಿದ್ದರೆ ಅನಿಸುತ್ತದೆ. ಹೆಣ ಬಿದ್ದು ಹತ್ತು ತಿಂಗಳಿಗೆ ಬಂದ ಉತ್ತರ ಅದು.

ಬೇನೆ ಆಸ್ಪತ್ರೆಯ ಒಳಗೇ ಒಬ್ಬರಿಂದ ಒಬ್ಬರಿಗೆ ಹರಡೋದೂ ಇದೆ. ಅದಕ್ಕೂ ಈ ವಿದ್ಯೆ ಬೇಕು. ಗಾಯ ಕೀವು ಮಾಡೋ, ಔಷಧಕ್ಕೆ ಬಗ್ಗದ ಸ್ಟಾಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಇದೆ. 2011ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಊರಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಅದು ಕೂಸುಗಳ ವಾರ್ಡಿನಲ್ಲಿ ಕಾಣಿಸಿ, ನಿಂತು, ವಾರ್ಡನ್ನೆಲ್ಲ ತೊಳೆದ ಮೇಲೆ ಎರಡು ತಿಂಗಳು ಬಿಟ್ಟು ಮತ್ತೆ ಬಂತು. ಜೀನೋಮ್ ಓದಿದರೆ ಎರಡೂ ಒಂದೇ ವಂಶ. ಅಂದ್ರೆ ನಡುವೆ ಯಾರದೋ ಮೈಮೇಲೆ ಅದು ಕುಂತಿತ್ತು. 154 ಸಿಬ್ಬಂದಿಯನ್ನು ಪರೀಕ್ಷೆ ಮಾಡಿದಾಗ ಒಬ್ಬರಲ್ಲಿ ಸಿಕ್ಕಿತು. ಅವರಿಗೆ ಜ್ವರವಿಲ್ಲ, ಗಾಯವಿಲ್ಲ, ತಾನು ಹೊತ್ತಿದ್ದೇನೆ ಅಂತ ಅವರಿಗೇ ಗೊತ್ತಿಲ್ಲ. ಔಷಧ ಕೊಟ್ಟು ಕ್ರಿಮಿ ಹೋಗಿಸಿದರು. ಹೆಸರನ್ನು ಲೋಕಕ್ಕೆ ಹೇಳಲಿಲ್ಲ.

ಅದೇ ಜಾತಿಯ ಬ್ಯಾಕ್ಟೀರಿಯಾದ ಒಂದು ತಳಿ ನಮ್ಮ ಕಡೆಯದು. ಎಸ್‌ಟಿ 772 ಅಂತ ನಂಬರು, ಬೆಂಗಾಲ್ ಬೇ ಅಂತ ಕರೆಯೋ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗಾಯತ್ರಿ ಅರಕೆರೆ ಅವರ ತಂಡದವರು ನಮ್ಮ ದೇಶದ ಈ ತಳಿಯ ಜೀನೋಮನ್ನು ಓದಿ 2012ರಲ್ಲಿ ಪ್ರಕಟ ಮಾಡಿದರು. ಆಮೇಲೆ ಬೇರೆ ಬೇರೆ ದೇಶದವರು ಸೇರಿ 340 ಮಾದರಿ ಹೋಲಿಸಿ, ಈ ತಳಿ 1960ರ ದಶಕದಲ್ಲಿ ಭಾರತ ಉಪಖಂಡದಲ್ಲಿ ಹುಟ್ಟಿ, 1990ರಿಂದೀಚೆಗೆ ಜನರ ಓಡಾಟದ ಜತೆ ಪರದೇಶಕ್ಕೆ ಹೋಯಿತು ಅಂತ 2019ರಲ್ಲಿ ಬರೆದರು. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲೂ ಬೇರೆ ಬೇರೆ ರಾಜ್ಯದ ಆಸ್ಪತ್ರೆಗಳಿಂದ ಬಂದ ರೋಗಾಣುಗಳ ಜೀನೋಮ್ ಓದೋ ಕೆಲಸ ನಡೆದಿದೆ. ಆದವಾನಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಬೆಂಗಳೂರು. ಈ ವಿದ್ಯೆ ಅಷ್ಟು ಹತ್ತಿರ ಬಂದಿದೆ ಅಂತ ನಮಗೆ ಗೊತ್ತಿರಬೇಕು.

ಹೆಸರಿಡೋದರಲ್ಲೂ ಜಗಳ ಇದೆ. 2008ರಲ್ಲಿ ಸ್ವೀಡನ್ ದೇಶದಲ್ಲಿ ಒಬ್ಬ ರೋಗಿಯಲ್ಲಿ ಬಹಳ ಗಟ್ಟಿ ಔಷಧವನ್ನೂ ಸೋಲಿಸೋ ಒಂದು ಹೊಸ ವಂಶವಾಹಿ ಸಿಕ್ಕಿತು. ಆತ ಮುಂಚೆ ದಿಲ್ಲಿಯಲ್ಲಿ ಆಸ್ಪತ್ರೆ ಸೇರಿದ್ದ ಅನ್ನೋ ಕಾರಣಕ್ಕೆ ಅದಕ್ಕೆ ನ್ಯೂ ಡೆಲ್ಲಿ ಅಂತಲೇ ಹೆಸರು ಕೂಡಿಸಿದರು. 2010ರಲ್ಲಿ ನಮ್ಮ ಸರಕಾರದವರು ಸಿಟ್ಟಾದರು. ಸಿಟ್ಟು ಸರಿಯೇ, ಊರಿನ ಹೆಸರನ್ನು ಬೇನೆಗೆ ಅಂಟಿಸೋದು ನ್ಯಾಯವಲ್ಲ. ಆದರೆ ಸಿಟ್ಟಿನಲ್ಲಿ ಮಾದರಿ ಕೊಡೋದನ್ನೇ ನಿಲ್ಲಿಸಿದರೆ ನಷ್ಟ ನಮ್ಮ ರೋಗಿಗಳಿಗೇ. ನೇಪಾಳದವರನ್ನು ನೆನಪಿಸಿಕೊಳ್ಳಿ.

ಇನ್ನು ನಮ್ಮ ಮಾತು. ನಮ್ಮ ಹಳ್ಳಿಯಲ್ಲಿ ಯಾರಿಗಾದರೂ ಭೇದಿ ಹತ್ತಿದರೆ ಮೊದಲು ಹೋಗೋದು ಆರ್‌ಎಂಪಿ ಡಾಕ್ಟರ ಹತ್ತಿರ. ಒಂದು ಸೂಜಿ, ನಾಲ್ಕು ಮಾತ್ರೆ, ಒಂದು ಸಲೈನ್ ಬಾಟ್ಲಿ. ಅಷ್ಟರಲ್ಲಿ ಸುಧಾರಿಸದೆ ಇದ್ದರೆ ಆದವಾನಿ, ಅಲ್ಲಿಂದ ಕರ್ನೂಲು. ಕೆಲವರು ಬಳ್ಳಾರಿಗೆ, ಕೆಲವರು ರಾಯಚೂರಿಗೆ. ದೊಡ್ಡ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಮಾತ್ರೆ ಕ್ರಿಮಿಯನ್ನು ಅರ್ಧ ಕೊಂದಿರುತ್ತದೆ, ಪರೀಕ್ಷೆಗೆ ಏನೂ ಬೆಳೆಯೋದಿಲ್ಲ. ಓದೋಕೆ ಬರಹವೇ ಇಲ್ಲ ಅಂದ ಮೇಲೆ ಓದೋ ಮಿಷನ್ ಬೆಂಗಳೂರಿನಲ್ಲಿದ್ದರೇನು, ಲಂಡನ್ನಿನಲ್ಲಿದ್ದರೇನು? ಓಆರ್‌ಎಸ್ ನೀರು ಕುಡಿಸೋದಕ್ಕೆ ಒಂದು ನಿಮಿಷವೂ ತಡ ಮಾಡಬಾರದು, ಜೀವ ಉಳಿಸೋದು ಅದೇ. ಆದರೆ ಮಾತ್ರೆ ನುಂಗಿಸೋ ಮುಂಚೆ ಒಂದು ಹತ್ತಿ ಕಡ್ಡಿಯಲ್ಲಿ ಮಾದರಿ ತೆಗೆದು ಕ್ಯಾರಿ-ಬ್ಲೇರ್ ಅನ್ನೋ ಬಾಟ್ಲಿಯಲ್ಲಿ ಇಟ್ಟರೆ ಕ್ರಿಮಿ ದಾರಿಯಲ್ಲಿ ಸಾಯೋದಿಲ್ಲ. ಆ ಬಾಟ್ಲಿ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿ ಅಲ್ಲದಿದ್ದರೂ ಪಿಎಚ್‌ಸಿಯಲ್ಲಿ ಇರಬೇಕು ಅಂತ ಗ್ರಾಮಸಭೆಯಲ್ಲಿ ಕೇಳೋದು ನಮ್ಮ ಹಕ್ಕು.

ಇನ್ನೊಂದು ತೊಡಕು ಗಡಿಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಕಾಗದದ ಮೇಲೆ ಗೆರೆ ಬಿತ್ತು. ತುಂಗಭದ್ರೆಯ ಎಲ್‌ಎಲ್‌ಸಿ ಕಾಲುವೆ ಮಾತ್ರ ಹೊಸಪೇಟೆ ಡ್ಯಾಮಿನಿಂದ ಹೊರಟು ಬಳ್ಳಾರಿ ಸೀಮೆ ದಾಟಿ ನಮ್ಮ ಕಡೆಗೇ ಬರುತ್ತದೆ. ಅವರು ದನ ತೊಳೆದ ನೀರನ್ನು ನಾವು ಕೆರೆಗೆ ತುಂಬಿಸಿಕೊಂಡು ಕುಡೀತೀವಿ, ನಾವು ಕೆಡಿಸಿದ್ದನ್ನು ನಮ್ಮ ಕೆಳಗಿನವರು. ಆದರೆ ಭೇದಿ ಬಂದರೆ ಈ ಕಡೆಯ ರೋಗಿ ಕರ್ನೂಲು ಲೆಕ್ಕದಲ್ಲಿ, ಅದೇ ಕಾಲುವೆಯ ಆ ಕಡೆಯ ರೋಗಿ ಬಳ್ಳಾರಿ ಲೆಕ್ಕದಲ್ಲಿ. ಎರಡು ಲೆಕ್ಕ ಒಂದು ಮೇಜಿನ ಮೇಲೆ ಇಟ್ಟು ನೋಡದಿದ್ದರೆ ಅರ್ಧ ಪದ ಕೇಳಿ ಗುರು ಯಾರು ಅಂತ ಹೇಳಿದ ಹಾಗೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಎಷ್ಟೋ ಮಂದಿ ಆಸ್ಪತ್ರೆ ಸೇರಿದರು, ಕೆಲವರು ತೀರಿಹೋದರು. ಅಲ್ಲಿಗೆ ದಿನಾ ಹೋಗಿ ಬರೋ ನಮ್ಮ ಮಂದಿ ಕಡಿಮೆಯಾ?

ಹೈಟಿಯ ಕಥೆ ಇನ್ನೂ ಮುಗಿದಿಲ್ಲ. 2019ರಿಂದ ಮೂರು ವರ್ಷಕ್ಕೂ ಮೇಲೆ ಅಲ್ಲಿ ಒಂದು ಕೇಸೂ ಕಾಣದೆ, ಬೇನೆ ಹೋಯಿತು ಅಂತ ಎಲ್ಲರೂ ನೆಮ್ಮದಿಯಾಗಿದ್ದರು. 2022ರ ಅಕ್ಟೋಬರಿನಲ್ಲಿ ಮತ್ತೆ ಬಂತು. ಈ ಸಲ ಯಾರು ತಂದರು ಅಂತ ಮತ್ತೆ ಮಾತೆದ್ದಿತು. ರೋಗಿಯಿಂದ ಕ್ರಿಮಿ ತೆಗೆದು ಕೆಲವೇ ವಾರದಲ್ಲಿ ಬರಹ ಓದಿದರು. ಹೊಸದಾಗಿ ಹೊರಗಿನಿಂದ ಬಂದದ್ದರ ಗುರುತು ಅದರಲ್ಲಿ ಇರಲಿಲ್ಲ. 2010ರಲ್ಲಿ ಬಂದ ಕ್ರಿಮಿಯ ಮೊಮ್ಮಕ್ಕಳೇ ಅವು. ಅಲ್ಲಿನ ಬಹಳ ಮಂದಿಗೆ ಆ ಹನ್ನೆರಡು ವರ್ಷದಲ್ಲೂ ಒಳ್ಳೆ ಕುಡಿಯೋ ನೀರು ಬಂದಿರಲಿಲ್ಲ.